ಕಂಡಿಕೆಗೆ ಸೊನ್ನೆ

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ನನಗೆ ತವರಿನಿಂದಲೇ ಬಂದದ್ದು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಮ್ಮಪ್ಪ ದಲಾಲಿ ಮಾಡುತ್ತಿದ್ದ. ಸಾಲಿ ಬಿಟ್ಟ ಕೂಡಲೇ ನಾನು ಮನೆಗೆ ಹೋಗದೆ ಅವನ ಹತ್ತಿರ ಹೋಗಿ ಕೂರುತ್ತಿದ್ದೆ. ಕೊಳ್ಳುವವನೂ ಮಾರುವವನೂ ಇಬ್ಬರೂ ಮುಖ ಗಂಟಿಕ್ಕಿಕೊಂಡು ಎದ್ದು ಹೊರಟಾಗ ಅಪ್ಪ ಅವರ ತೋಳು ಹಿಡಿದು ಕೂರಿಸಿ, "ಆತ ಬಿಡ್ರೆಪಾ, ಹಮಾಲಿ ನಮ್ಮ ಕಡೆ" ಎನ್ನುತ್ತಿದ್ದ. ಅಷ್ಟಕ್ಕೇ ವ್ಯಾಪಾರ ಮುಗಿಯುತ್ತಿತ್ತು. ಆಮೇಲೆ ನನಗೆ ಹೇಳುತ್ತಿದ್ದ: "ಎಲ್ಲಾ ಬಿಗಿ ಹಿಡದ ಕುಂತ್ರ ಸೌದಾ ಮುರೀತೈತಿ. ಕಡೀಕ ಬಿಟ್ಟಕೊಡಾಕ ಒಂದ ಏನರ ಕೈಯಾಗ ಇಟ್ಕೊಂಡಿರಬೇಕ ನೋಡವಾ." ಅಪ್ಪ ಹಾಗೆ ಧಾರಾಳವಾಗಿ ಬಿಟ್ಟುಕೊಟ್ಟ ಹಮಾಲಿ ಯಾರ ಬೆನ್ನಿನಿಂದ ಇಳಿಯುತ್ತಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಆಗ ಚಿಕ್ಕ ಹುಡುಗಿ, ತಿಳಿಯಲಿಲ್ಲ ಎನ್ನಬಹುದು. ದೊಡ್ಡವಳಾದ ಮೇಲೆ ಮಾಡಿದ್ದಕ್ಕೆ ಆ ನೆಪವೂ ಇಲ್ಲ.

ಬನಹಟ್ಟಿಗೆ ಸೊಸೆಯಾಗಿ ಬಂದೆ. ಗಂಡನ ಮನೆಯಲ್ಲಿ ಪಡಸಾಲೆಯ ಪಕ್ಕದಲ್ಲೇ ಮಗ್ಗ. ಮೊದಲ ಕೆಲವು ದಿನ ಆ ಖಟಪಟ ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಈಗ ಕರೆಂಟು ಹೋಗಿ ಸದ್ದು ನಿಂತರೆ ತಲೆ ಸಿಡಿಯುತ್ತದೆ. ಬಿ.ಕಾಂ. ಓದಿದ್ದೆನಲ್ಲ, ಓಣಿಯ ನೇಕಾರರ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಪಗಾರ ದೊಡ್ಡದಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತು, ಕನ್ನಡಕ ಏರಿಸಿ, ಅಧ್ಯಕ್ಷರಿಗೇ "ಸ್ವಲ್ಪ ತಡೀರಿ, ನೋಡ್ತೇನಿ" ಎನ್ನುವ ಸುಖ ದೊಡ್ಡದಿತ್ತು.

ಎರಡು ವರ್ಷದ ಹಿಂದೆ ಸಂಘಕ್ಕೆ ಒಂದು ಅವಕಾಶ ಬಂತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲೂಕಿನ ಸರಕಾರಿ ಹಾಸ್ಟೆಲ್ಲುಗಳಿಗೆ ಚಾದರ ಬೇಕಾಗಿದ್ದವು. ನೇಕಾರರ ಸಂಘವೆಂದು ನಮ್ಮಿಂದಲೇ ನೇರವಾಗಿ ಕೊಳ್ಳಲು ಇಲಾಖೆ ಮುಂದೆ ಬಂದಿತ್ತು. ಒಂದೇ ಷರತ್ತು: ಬರೀ ದರ ಹೇಳಿದರೆ ನಡೆಯದು. ಒಂದು ಚಾದರಕ್ಕೆ ನೂಲಿಗೆಷ್ಟು, ಬಣ್ಣಕ್ಕೆಷ್ಟು, ನೇಯ್ದವನಿಗೆಷ್ಟು, ಅಂಚು ಹೊಲಿಯಲು ಎಷ್ಟು, ಸಾಗಣೆಗೆಷ್ಟು, ಸಂಘದ ಆಡಳಿತಕ್ಕೆಷ್ಟು ಎಂದು ಬಿಡಿಸಿ ಬರೆದು ಕೊಡಬೇಕು. ಅದನ್ನು ಮುಂದಿಟ್ಟುಕೊಂಡು ಜಮಖಂಡಿಯ ಕಚೇರಿಯಲ್ಲಿ ಮಾತುಕತೆಗೆ ಕೂರಬೇಕು. ಅಧಿಕಾರಿ ಪ್ರತಿಯೊಂದು ಸಾಲಿಗೂ ಕಾರಣ ಕೇಳುತ್ತಾರೆ, ಒಪ್ಪಿದರೆ ಉಳಿಯುತ್ತದೆ, ಇಲ್ಲವಾದರೆ ಇಳಿಯುತ್ತದೆ.

ನಾನು ಆ ಹಾಳೆ ತಯಾರು ಮಾಡುತ್ತಿದ್ದೇನೆಂಬ ಸುದ್ದಿ ಓಣಿಯಲ್ಲಿ ಹರಡಿತು. ಒಂದು ಮಧ್ಯಾಹ್ನ ನಮ್ಮ ಎದುರು ಮನೆಯವಳು ಕೈಯಲ್ಲಿ ನೂಲಿನ ಲಡಿ ಹಿಡಿದುಕೊಂಡೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಅವಳು ನಮ್ಮ ಮನೆಗೂ ಇನ್ನೂ ಕೆಲವು ಮನೆಗಳಿಗೂ ಕಂಡಿಕೆ ಸುತ್ತಿಕೊಡುತ್ತಿದ್ದಳು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ಕೂರುವ ಸಣ್ಣ ಕೊಳವೆ, ಅದಕ್ಕೆ ನೂಲು ಸುತ್ತಿರಬೇಕು. ಬಟ್ಟೆಯಲ್ಲಿ ಅಡ್ಡಡ್ಡ ಹಾಯುವ ಹೊಕ್ಕಿನ ನೂಲೆಲ್ಲ ಅದರಿಂದಲೇ ಹೋಗುವುದು; ಕಂಡಿಕೆ ಮುಗಿಯಿತೆಂದರೆ ಮಗ್ಗ ನಿಂತಿತು. ಗಂಡಸರು ನೇಯುತ್ತಾರೆ, ಹೆಂಗಸರು ಸುತ್ತುತ್ತಾರೆ. ಮನೆಯ ಹೆಂಗಸಾದರೆ ಅದಕ್ಕೆ ಕೂಲಿಯ ಮಾತೇ ಇಲ್ಲ. ಹೊರಗಿನವಳಾದರೆ ಮಗ್ಗದವನು ತನ್ನ ಕೂಲಿಯಲ್ಲಿ ಮುರಿದು ಒಂದಿಷ್ಟು ಚಿಲ್ಲರೆ ಕೊಡುತ್ತಾನೆ, ಅದನ್ನೂ ಹಬ್ಬದ ಮುಂದೆ ಎರಡು ಸಲ ಕೇಳಿಸಿಕೊಂಡು.

"ಏ ತಂಗಿ, ಸರಕಾರದ ಕಾಗದದಾಗ ನಮ್ಮ ಕಂಡಿಕಿದೂ ಒಂದ ಸಾಲ ಬರಿ ಅಲ. ಬ್ಯಾರೇನ ಬರಿ. ನೇಯೂದರಾಗ ಕೂಡಸಬ್ಯಾಡ. ಕೂಡಿಸಿದ್ರ ಅದ ಇವರ ಕಿಸೇಕ್ಕ ಹೋಗತೈತಿ" ಎಂದಳು.

ನನ್ನ ಅತ್ತೆ ಅಲ್ಲೇ ರಾಟಿಯ ಮುಂದೆ ಕೂತಿದ್ದರು. ಅವರು ಈ ಮನೆಗೆ ಬಂದಾಗಿನಿಂದ ಅದೇ ಜಾಗದಲ್ಲಿ ಕೂತು ಸುತ್ತಿದವರು. ಎಡಗೈ ತೋರುಬೆರಳಿನ ತುದಿಯಲ್ಲಿ ನೂಲು ಓಡಿ ಓಡಿ ಒಂದು ಗೆರೆ ಬಿದ್ದಿದೆ. ಚಪಾತಿ ಲಟ್ಟಿಸುವಾಗಲೂ ಆ ಬೆರಳನ್ನು ಎತ್ತಿಕೊಂಡೇ ಇರುತ್ತಾರೆ. ಅವರು ತಲೆ ಎತ್ತದೆ, "ಹಂಗ ಬರದ್ರ ನನಗೂ ಕೊಡತಾರೇನ? ಮನಿಯಾಕಿಗೂ?" ಎಂದು ಕೇಳಿದರು.

"ಯಾಕ ಕೊಡೂದಿಲ್ಲರಿ ಅತ್ತಿ? ಬ್ಯಾಂಕಿನ ಖಾತೆಕ್ಕ ಸೀದಾ ಬರತೈತಿ. ನಾ ಬರೀತೇನಿ ಅಂದ್ರ ಬರೀತೇನಿ" ಎಂದೆ. ಒಂದು ಚಾದರಕ್ಕೆ ಆರು ರೂಪಾಯಿ ಎಂದು ಅಲ್ಲೇ ಕೂತು ಲೆಕ್ಕ ಹಾಕಿ ತೋರಿಸಿದೆ. ಎದುರು ಮನೆಯವಳು ನನ್ನ ಗಲ್ಲ ಸವರಿ ನೆಟಿಕೆ ಮುರಿದಳು.

ಅತ್ತೆ ಮರುದಿನವೇ ಖಾತೆ ತೆರೆಯಲು ಹೊರಟರು. ಫೋಟೊ ಬೇಕಲ್ಲ. ನಮ್ಮ ಮಗ್ಗದ್ದೇ ಹಸಿರು ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೂದಲನ್ನು ನೆತ್ತಿ ನೋಯುವಷ್ಟು ಬಿಗಿಯಾಗಿ ಬಾಚಿಕೊಂಡು ಸ್ಟುಡಿಯೋದಲ್ಲಿ ಕೂತರು. "ಸ್ವಲ್ಪ ನಗ್ರಿ" ಎಂದ ಫೋಟೊದವನಿಗೆ, "ಬ್ಯಾಂಕಿಗಿ ಕೊಡೂ ಫೋಟೋದಾಗ ಹಲ್ಲ ಕಿಸದ್ರ ರೊಕ್ಕ ಕೊಡತಾರೇನ ತಮ್ಮಾ?" ಎಂದು ಬೈದರು. ಬ್ಯಾಂಕಿನ ಪುಸ್ತಕ ಕೈಗೆ ಬಂದಾಗ ಅದನ್ನು ದೇವರ ಜಗಲಿಯ ಮೇಲಿಟ್ಟರು. ಇಷ್ಟು ವರ್ಷ ಒಂದು ಬಳೆ ಇಡಿಸಿಕೊಳ್ಳಲೂ ಮೊದಲು ಮಾವನನ್ನು, ಆಮೇಲೆ ಮಗನನ್ನು ಕೇಳಿದವರು ಅವರು. ನನಗೆ ಅವರ ಸಂಭ್ರಮ ನೋಡಿ ನಗು ಬಂದಿತ್ತು. ಆ ನಗು ನೆನೆದರೂ ಈಗ ಮೈ ಹಿಡಿಯಾಗುತ್ತದೆ.

ಮಾತುಕತೆಯ ದಿನ ಅಧ್ಯಕ್ಷರೂ ನಾನೂ ಜಮಖಂಡಿಗೆ ಹೋದೆವು. ಅಧ್ಯಕ್ಷರು ಓಣಿಯಲ್ಲಿ ಹುಲಿ. ಆ ಕಚೇರಿಯಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಮಾತೆಲ್ಲ ನನ್ನದೇ. ಅಧಿಕಾರಿ ಸಭ್ಯ ಮನುಷ್ಯ, ಚಹಾ ತರಿಸಿದರು, ದನಿ ಏರಿಸಲಿಲ್ಲ. ಪೆನ್ನಿನ ತುದಿಯನ್ನು ಮಾತ್ರ ಒಂದೊಂದೇ ಸಾಲಿನ ಮೇಲಿಟ್ಟು ಕೇಳುತ್ತ ಬಂದರು. ನೂಲಿಗೆ ಬಿಲ್ಲು ತೋರಿಸಿದೆ, ಒಪ್ಪಿದರು. ಬಣ್ಣಕ್ಕೂ ಬಿಲ್ಲು ಇತ್ತು. ನೇಯ್ಗೆಯ ಕೂಲಿ ಸರಕಾರವೇ ಹೇಳಿದ ಕನಿಷ್ಠ ಕೂಲಿ, ಮುಟ್ಟುವ ಹಾಗಿಲ್ಲ. ಸಾಗಣೆಯಲ್ಲಿ ನಾನು ಬೇಕೆಂದೇ ಸ್ವಲ್ಪ ಹೆಚ್ಚು ಬರೆದಿದ್ದೆ, ಅದನ್ನು ನಗುತ್ತಾ ಇಳಿಸಿದೆ. ಅವರೂ ನಕ್ಕರು.

"ಇನ್ನೂ ಸ್ವಲ್ಪ ಇಳೀಬೇಕ ಮೇಡಮ್. ಗಿರಣಿ ಚಾದರ ಇದಕ್ಕಿಂತ ಕಡಿಮಿಗಿ ಸಿಗತಾವ. ನಾ ಮ್ಯಾಲಿನವರಿಗೆ ಏನ ಹೇಳ್ಲಿ? ಇವತ್ತ ಇಳಿದ್ರ ಇವತ್ತ ಆರ್ಡರ್" ಎಂದರು.

ಅಧ್ಯಕ್ಷರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ನನಗೆ ಅಪ್ಪನ ಮಾತು ನೆನಪಾಯಿತು: ಕಡೆಗೆ ಬಿಟ್ಟುಕೊಡಲು ಏನಾದರೂ ಕೈಯಲ್ಲಿರಬೇಕು. ಹಾಳೆಯ ಮೇಲೆ ಕಣ್ಣಾಡಿಸಿದೆ. ಕಂಡಿಕೆಯ ಸಾಲು ಕಂಡಿತು.

"ಈ ಕಂಡಿಕಿ ಅಂದ್ರೇನ್ರಿ?" ಎಂದು ಅವರೂ ಆ ಹೊತ್ತಿಗೇ ಕೇಳಿದರು.

"ಅದ ದೊಡ್ಡ ಕೆಲಸಲ್ಲ ಬಿಡ್ರಿ ಸರ್. ಮನ್ಯಾಗ ಹೆಣಮಕ್ಕಳ ಅಡಗಿ ಗಿಡಗಿ ಮುಗಿಸಿ, ಟೀವಿ ನೋಡಕೋತ ಸುತ್ತತಾರ. ಹಂಗ ನೋಡಿದ್ರ ಅದ ಖರ್ಚ ಅಲ್ಲ ಬಿಡ್ರಿ."

"ಖರ್ಚ ಅಲ್ಲಂದ್ರ ಯಾಕ ಬರದೀರಿ ಮತ್ತ?"

"ಆತ ತಗೀರಿ, ಸೊನ್ನಿ ಮಾಡ್ರಿ. ನಮ್ಮ ಕಡಿಂದ ಅದ."

ಮೂವರೂ ನಕ್ಕೆವು. ಹೌದು, ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅಧಿಕಾರಿ ಹಾಳೆಯನ್ನು ನನ್ನ ಕಡೆ ಸರಿಸಿ, ನಾಳೆ ಲೆಕ್ಕ ತಪಾಸಣೆಯವರು ಕೇಳಿದರೆ ಇರಲಿ, ಒಂದು ಮಾತು ಬರೆದು ಸಹಿ ಮಾಡಿ ಎಂದರು. "ಕಂಡಿಕೆ ಸುತ್ತುವ ಕೆಲಸ ಸದಸ್ಯರ ಮನೆಯ ಮಹಿಳೆಯರಿಂದಲೇ ಆಗುವುದರಿಂದ ಇದಕ್ಕೆ ಯಾವುದೇ ವೆಚ್ಚ ಇರುವುದಿಲ್ಲ" ಎಂದು ದುಂಡಗೆ ಬರೆದು ಸಹಿ ಹಾಕಿದೆ. ಸಹಿಯ ಕೆಳಗೆ ಎರಡು ಚುಕ್ಕೆ ಇಡುವುದು ನನ್ನ ರೂಢಿ. ಅವನ್ನೂ ಇಟ್ಟೆ.

ಆ ಹಾಳೆಯ ಕೊನೆಯಲ್ಲಿ ಸಂಘದ ಆಡಳಿತ ವೆಚ್ಚ ಎಂಬ ಸಾಲೂ ಇತ್ತು. ಅಧ್ಯಕ್ಷರ ಓಡಾಟದ ಖರ್ಚು, ಕಚೇರಿಯ ಚಹಾ, ಮತ್ತು ನನ್ನ ಪಗಾರ ಅದರಲ್ಲಿದ್ದವು. ಬಿಟ್ಟುಕೊಡಲು ಏನಿದೆ ಎಂದು ಹುಡುಕಿದ ನನ್ನ ಕಣ್ಣು ಆ ಸಾಲಿನ ಮೇಲೆ ಹೋಗಲೇ ಇಲ್ಲ. ಇದನ್ನು ನಾನು ಇವತ್ತಿನವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹೊರಗೆ ಬಂದಾಗ ಅಧ್ಯಕ್ಷರು ಟೋಪಿ ಹಾಕಿಕೊಂಡು ಮತ್ತೆ ಹುಲಿಯಾದರು. "ಭಲೇ ತಂಗಿ! ಗಂಡಸ ಮಾತಾಡಿದಂಗ ಮಾತಾಡಿದಿ ನೋಡ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದರು. ನಾನು ಆ ಹೊಗಳಿಕೆಯನ್ನೂ ಭಜಿಯ ಜೊತೆಗೇ ತಿಂದೆ.

ಓಣಿಗೆ ಬಂದಾಗ ಹೆಂಗಸರು ಕಟ್ಟೆಯ ಮೇಲೆ ಕಾಯುತ್ತಿದ್ದರು. "ಆರ್ಡರ್ ಸಿಕ್ತು!" ಎಂದು ದೂರದಿಂದಲೇ ಕೂಗಿದೆ. ಎದುರು ಮನೆಯವಳು, "ನಮ್ದೇನಾತು?" ಎಂದಳು. ಮುಚ್ಚಿಡುವ ಯೋಚನೆ ಕೂಡ ನನಗೆ ಬರಲಿಲ್ಲ, ಅಷ್ಟು ಸೊಕ್ಕು. "ಅದನ್ನ ಬಿಟ್ಟಕೊಟ್ಟೆನಂತನ ಆರ್ಡರ್ ಬಂತು. ಇಲ್ಲಂದ್ರ ಗಿರಣಿಯವರ ಪಾಲ ಆಗತಿತ್ತ. ಮಗ್ಗ ನಡದ್ರ ಎಲ್ಲಾರಿಗೂ ಛಲೋ ಹೌದಿಲ್ಲೋ?" ಎಂದೆ.

ಎದುರು ಮನೆಯವಳು ಎದ್ದು ಸೀರೆ ಕೊಡವಿಕೊಂಡಳು. "ನಿನ್ನ ಕೈಯಾಗಿಂದ ಬಿಟ್ಟಿದ್ರ ನಾ ಏನೂ ಅಂತಿದ್ದಿಲ್ಲವಾ" ಎಂದಷ್ಟೇ ಹೇಳಿ ಒಳಗೆ ಹೋದಳು. ನನಗೆ ಸಿಟ್ಟು ಬಂತು. ಓದಿದವರ ಕಷ್ಟ ಈ ಮಂದಿಗೇನು ಗೊತ್ತು ಎಂದು ಗೊಣಗಿದೆ. ಅತ್ತೆ, "ಹೋಗ್ಲಿ ಬಿಡು, ಕೈಕಾಲ ತೊಳಕೊಂಡ ಊಟಾ ಮಾಡು" ಎಂದರು. ಅವರ ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ. ನೋಡಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

ಬರೆದದ್ದು ಬರೀ ಒಂದು ಸೊನ್ನೆ, ಅದರಿಂದ ಇದ್ದದ್ದೇನೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಆರ್ಡರಿನ ಕೆಲಸ ಶುರುವಾದ ವಾರದಲ್ಲೇ ಗೊತ್ತಾಯಿತು. ಚಾದರ ನೇಯುವ ಮನೆಗಳೆಲ್ಲ ಹೊರಗಿನ ಹೆಂಗಸರಿಗೆ ಕೊಡುತ್ತಿದ್ದ ಚಿಲ್ಲರೆಯನ್ನೂ ನಿಲ್ಲಿಸಿದವು. ಕೇಳಿದರೆ ಒಂದೇ ಉತ್ತರ: "ಸರಕಾರನ ಅದಕ್ಕ ಏನೂ ಇಲ್ಲಂದೈತಿ, ನಾವ ಎಲ್ಲಿಂದ ತರೂಣು?" ನನ್ನ ಗಂಡನೂ ಹಾಗೇ ಅಂದ. ನಾನು ಜಗಳಕ್ಕೆ ಹೋದೆ. "ಎದುರಮನಿಯಾಕಿಗೆ ನಾವು ಮೊದ್ಲಿಂದ ಕೊಡತಿದ್ವಿ, ಈಗ್ಯಾಕ ಬಂದ್ ಮಾಡೂದು?" ಎಂದು ಕೂಗಾಡಿದೆ. ಅವನು ಮಗ್ಗ ನಿಲ್ಲಿಸಲೂ ಇಲ್ಲ. "ನೀನ ಸಹಿ ಮಾಡಿ ಬಂದೀಯಲ್ಲ" ಎಂದ. ಆ ಸದ್ದಿನಲ್ಲೂ ಅದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಹೊರಗಿನವರು ಬಿಟ್ಟ ಮೇಲೆ ಅಷ್ಟೂ ಕಂಡಿಕೆ ಮನೆಯ ಹೆಂಗಸರ ಮೇಲೆ ಬಿತ್ತು. ಅತ್ತೆ ನಸುಕಿನಲ್ಲೇ ರಾಟಿಯ ಮುಂದೆ ಕೂರತೊಡಗಿದರು. ನಾನೂ ಕಚೇರಿಯಿಂದ ಬಂದು ಕೂತೆ. ನನ್ನ ಕಂಡಿಕೆಗಳು ಹೊಟ್ಟೆ ಉಬ್ಬಿ ಲಾಳಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅತ್ತೆ ಅವನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. "ನೀ ಲೆಕ್ಕಾ ಬರಿ ಹೋಗು, ಇದ ನಿನ್ನ ಕೈಲೆ ಆಗೂದಲ್ಲ" ಎನ್ನುತ್ತಿದ್ದರು, ಪ್ರೀತಿಯಿಂದಲೇ. ಟೀವಿ ನೋಡುತ್ತಾ ಸುತ್ತುತ್ತಾರೆ ಎಂದಿದ್ದೆನಲ್ಲ, ಒಂದು ದಿನ ನಾನೂ ನೋಡಿಕೊಂಡೆ: ನೂಲಿನಿಂದ ಕಣ್ಣು ತೆಗೆದರೆ ಎಳೆ ಕಡಿಯುತ್ತದೆ. ಎದುರು ಮನೆಯವಳು ಮುಂಜಾನೆ ಬುತ್ತಿ ಕಟ್ಟಿಕೊಂಡು ಚಿಮ್ಮಡದ ಹೊಲಗಳಿಗೆ ಕಬ್ಬಿನ ಕಸ ತೆಗೆಯಲು ಆಟೋ ಹತ್ತಿ ಹೋಗತೊಡಗಿದಳು. ಬಾಗಿಲಲ್ಲಿ ಎದುರಾದರೆ ನಾನೇ ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದೆ.

ಚಾದರ ತಯಾರಾದ ಮೇಲೆ ಟೆಂಪೋದಲ್ಲಿ ಹಂಚಲು ನಾನೂ ಹೋಗಬೇಕಾಯಿತು, ರಶೀದಿ ತರಲು. ಮುಧೋಳದ ಹಾಸ್ಟೆಲ್ಲಿನ ಮುಂದೆ ಹಮಾಲ ಗಂಟು ಮುಟ್ಟುವ ಮೊದಲೇ ಕೈ ಚಾಚಿದ. "ಮದ್ಲ ಹಮಾಲಿ ಇಡ್ರಿ ಅಕ್ಕಾರ, ಆಮ್ಯಾಲ ಇಳಸ್ತೀನಿ. ನಿಮ್ಮಂಥವ್ರನ ಭಾಳ ನೋಡೀನಿ" ಎಂದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಅವತ್ತು ಕೇಳಿದಷ್ಟು ಕೊಟ್ಟು ಸುಮ್ಮನೆ ನೆರಳಿಗೆ ಹೋಗಿ ನಿಂತೆ. ಬೀಳಗಿಯ ಹಾಸ್ಟೆಲ್ಲಿನಲ್ಲಿ ಮೇಲ್ವಿಚಾರಕಿ ಚಾದರ ಬಿಚ್ಚಿ, ಬೆಳಕಿಗೆ ಹಿಡಿದು, "ಎಳಿ ಎಷ್ಟ ಒಂದ ನಮೂನಿ ಕುಂತಾವ್ರಿ! ಸುತ್ತಿದವ್ರ ಕೈ ಛಲೋ ಐತಿ" ಎಂದರು. ಆಕೆಯ ತವರೂ ನೇಕಾರರ ಮನೆಯಂತೆ. ಹೌದ್ರಿ ಎಂದೆ. ರಶೀದಿಗೆ ಸಹಿ ಹಾಕಿಸಿಕೊಂಡು ಟೆಂಪೋ ಹತ್ತಿದೆ.

ಹೋದ ವರ್ಷ ಮತ್ತೆ ಆರ್ಡರಿನ ಪತ್ರ ಬಂತು. ಈ ಸಲ ಓಣಿಯ ಹೆಂಗಸರು ಯಾರೂ ಕಟ್ಟೆಗೆ ಬಂದು ಕೇಳಲಿಲ್ಲ. ನಾನೇ ನಿರ್ಧಾರ ಮಾಡಿದ್ದೆ, ಕಂಡಿಕೆಯ ಸಾಲು ತಿರುಗಿ ಬರೆದೇ ಬರೆಯುತ್ತೇನೆ, ಏನಾದರೂ ಆಗಲಿ. ಅತ್ತೆಯ ಪಕ್ಕದಲ್ಲಿ ಕೂತು ಒಂದು ಚಾದರಕ್ಕೆ ಎಷ್ಟು ಕಂಡಿಕೆ, ಅದಕ್ಕೆ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಿದೆ. ಬಾಯಿಮಾತಿಗೆ ಅಧಿಕಾರಿ ಒಪ್ಪಲಿಕ್ಕಿಲ್ಲ, ಸುತ್ತುವವರನ್ನೇ ಕರೆದುಕೊಂಡು ಹೋಗೋಣ ಎನಿಸಿತು. ಎದುರು ಮನೆಯವಳನ್ನು ಕೇಳುವ ಮುಖ ನನಗಿರಲಿಲ್ಲ. ಅತ್ತೆಯನ್ನೇ ಕೇಳಿದೆ.

"ನಾ ಬಂದ ಏನ ಮಾಡ್ಲೆ ಯವ್ವಾ? ಅಲ್ಲಿ ಸಾಹೇಬರ ಮುಂದ ನನ್ನ ಬಾಯಿ ಬಿಡತೈತೇನ?"

"ನೀವೇನೂ ಮಾಡಬ್ಯಾಡ್ರಿ ಅತ್ತಿ. ಅವರ ಏನ ಕೇಳತಾರ ಅದಕ್ಕ ಖರೆ ಇದ್ದದ್ದನ್ನ ಹೇಳ್ರಿ, ಸಾಕ."

ಅದೇ ಹಸಿರು ಸೀರೆ ಉಟ್ಟು ಬಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತಿದ್ದರು. ದೇವರ ನಾಮ ಅಂದುಕೊಂಡೆ. ಕಿವಿಗೊಟ್ಟು ಕೇಳಿದರೆ, ನಾನು ಹೇಳಿಕೊಟ್ಟ ಲೆಕ್ಕವನ್ನು ಬಾಯಿಪಾಠ ಮಾಡುತ್ತಿದ್ದರು.

ಅದೇ ಕೋಣೆ, ಅದೇ ಅಧಿಕಾರಿ, ಅಧ್ಯಕ್ಷರ ತೊಡೆಯ ಮೇಲೆ ಅದೇ ಟೋಪಿ. ಅತ್ತೆಗೂ ಕುರ್ಚಿ ಹಾಕಿಸಿದರು. ಅವರು ಅಂಚಿನಲ್ಲಿ ಕೂತರು. ನಾನು ಹಾಳೆ ಮುಂದಿಟ್ಟೆ. ಅಧಿಕಾರಿಯ ಪೆನ್ನು ನೂಲು ದಾಟಿತು, ಬಣ್ಣ ದಾಟಿತು, ಕಂಡಿಕೆಯ ಸಾಲಿಗೆ ಬಂದು ನಿಂತಿತು. ಅವರು ಗಂಟೆ ಒತ್ತಿ ಹಿಂದಿನ ವರ್ಷದ ಫೈಲು ತರಿಸಿ, ನಾನು ಬರೆದದ್ದನ್ನು ನನಗೇ ಓದಿ ಹೇಳಿದರು. "ಯಾವುದೇ ವೆಚ್ಚ ಇರುವುದಿಲ್ಲ" ಎಂಬಲ್ಲಿಗೆ ಬಂದಾಗ ಅತ್ತೆ ನನ್ನ ಕಡೆ ನೋಡಿದರು. ನಾನು ಹೀಗೆ ಬರೆದುಕೊಟ್ಟದ್ದು ಅವರಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಇನ್ನೊಬ್ಬರ ಬಾಯಲ್ಲಿ ಗಟ್ಟಿಯಾಗಿ ಕೇಳುವುದು ಬೇರೆ.

"ಹೋದ ವರ್ಷ ಖರ್ಚ ಇಲ್ಲಂದೀರಿ. ಈ ವರ್ಷ ಹ್ಯಾಂಗ ಹುಟ್ಟತು?"

ನಾನು ಇದಕ್ಕೆ ಉತ್ತರ ತಯಾರು ಮಾಡಿಕೊಂಡೇ ಹೋಗಿದ್ದೆ. "ಸರ್, ಈಗ ನಾವಿಬ್ರೂ ಬಸ್ಸಿನ್ಯಾಗ ಬಂದ್ವಿ. ಕಂಡಕ್ಟರ್ ಹೆಣಮಕ್ಕಳಿಗೆ ಸೊನ್ನಿ ಟಿಕೀಟ ಹರದ ಕೊಟ್ಟ. ಹಂಗಂತ ಬಸ್ಸ ಪುಕ್ಕಟೆ ಓಡಿತೇನ್ರಿ? ಆ ಸೊನ್ನಿಗೂ ಸರಕಾರ ರೊಕ್ಕಾ ಕಟ್ಟತೈತಿಲ್ಲೋ? ಇದೂ ಹಂಗ್ರಿ. ನಾ ಸೊನ್ನಿ ಬರದ್ರೂ ಸುತ್ತಿದವ್ರ ಕೈ ಸವದದ್ದ ಖರೆ."

ಅಧಿಕಾರಿ ಬಾಯಿ ತುಂಬ ನಕ್ಕರು. "ಛಲೋ ಮಾತ ಕಲತೀರಿ ಬಿಡ್ರಿ" ಎಂದರು. ಆಮೇಲೆ ನಗು ನಿಲ್ಲಿಸಿ ಫೈಲಿನ ಮೇಲೆ ಬೆರಳಿಟ್ಟರು. "ಆದ್ರ ನನಗ ಇದ ತೊಡಕ ಐತಿ ನೋಡ್ರಿ. ಕೆಲಸ ಅದ, ಮಂದಿ ಅವರ. ಹೋದ ವರ್ಷದ ಹಾಳಿ, ಈ ವರ್ಷದ ಹಾಳಿ, ಎರಡರಾಗ ಒಂದ ಸುಳ್ಳ ಇರಬೇಕ. ಹೋದ ವರ್ಷದ್ದ ಸುಳ್ಳ ಅಂತ ನೀವ ಹೇಳಿದ್ರ, ನಾ ಮ್ಯಾಲೆ ಬರೀಬೇಕಾಗತೈತಿ. ಸುಳ್ಳ ಲೆಕ್ಕಾ ಕೊಟ್ಟಾರ ಅಂತ ಸಂಘದ ಹೆಸರ ಹೊಡೀತಾರ. ಸಹಿ ಮಾಡಿದವರ ಹೆಸರೂ ಬರತೈತಿ. ಹೇಳ್ರಿ, ಯಾವ್ದ ಸುಳ್ಳ?"

ಹೋದ ವರ್ಷದ್ದು ಸುಳ್ಳು ಎನ್ನಬೇಕಿತ್ತು. ಅಷ್ಟೇ ಕೆಲಸ. ಆ ಮಾತು ಗಂಟಲವರೆಗೆ ಬಂದಿತ್ತು, ದೇವರಾಣೆ ಬಂದಿತ್ತು. ಅಧ್ಯಕ್ಷರು ಕೆಮ್ಮಿದರು. ನನಗೆ ನನ್ನ ಕುರ್ಚಿ, ಕಂಪ್ಯೂಟರು, ತಿಂಗಳ ಪಗಾರ ಕಣ್ಣಿಗೆ ಕಟ್ಟಿದವು. ಸಹಿಯ ಕೆಳಗಿನ ಆ ಎರಡು ಚುಕ್ಕೆ ನನ್ನನ್ನೇ ನೋಡುತ್ತಿದ್ದವು.

ಅಧಿಕಾರಿ ಕಾದು, ಅತ್ತೆಯ ಕಡೆ ತಿರುಗಿದರು. "ಅಮ್ಮಾರ, ಸುತ್ತವರ ನೀವ. ನೀವ ಹೇಳ್ರಿ. ಇದಕ್ಕ ಕೂಲಿ ಅಂತ ಏನರ ಐತೇನು? ನಿಮ್ಮ ಸೊಸಿ ಹೋದ ವರ್ಷ ಬರದದ್ದ ಖರೇನೋ, ಸುಳ್ಳೋ?"

ಅತ್ತೆ ನನ್ನ ಮುಖ ನೋಡಿದರು. ಬಾಯಿಪಾಠ ಮಾಡಿದ ಲೆಕ್ಕ ಅವರ ತುಟಿಯ ಮೇಲೇ ಇತ್ತು, ನಾನು ಬಲ್ಲೆ. ಅವರು ಸೆರಗನ್ನು ಭುಜದ ಮೇಲೆ ಎಳೆದುಕೊಂಡರು.

"ಏನ ಕೂಲಿರೀ ಸಾಹೇಬ್ರ" ಎಂದರು. "ಮನಿ ಕೆಲಸ ಅದ. ಕುಂತಲ್ಲೆ ಕುಂತ ಸುತ್ತತೇವಿ. ರೊಕ್ಕಾ ಗಿಕ್ಕಾ ಯಾರ ಕೇಳ್ಯಾರ? ನಮ್ಮ ಸೊಸಿ ಖರೇನ ಬರದಾಳ. ಈ ವರ್ಷ ನನ್ನ ಮ್ಯಾಲಿನ ಮಾಯೇಕ್ಕ ಒಂದ ಸಾಲ ಹೆಚ್ಚ ಬರದಾಳ, ಅಷ್ಟ. ಆಕೀ ಮ್ಯಾಲ ಸಿಟ್ಟ ಆಗಬ್ಯಾಡ್ರಿ."

"ಮುಗೀತ ನೋಡ್ರಿ" ಎಂದು ಅಧಿಕಾರಿ ಹಾಳೆಯನ್ನು ನನ್ನ ಕಡೆ ಸರಿಸಿದರು. ಅವರ ದನಿಯಲ್ಲಿ ನಿಜವಾಗಿಯೂ ನಿರಾಳ ಇತ್ತು. ಅಧ್ಯಕ್ಷರ ಕೆಮ್ಮು ನಿಂತಿತು. ನಾನು ಪೆನ್ನು ತೆಗೆದುಕೊಂಡು ಕಂಡಿಕೆಯ ಆರು ರೂಪಾಯಿಯನ್ನು ಹೊಡೆದು, ಪಕ್ಕದಲ್ಲಿ ಸೊನ್ನೆ ಬರೆದು, ಸಹಿ ಮಾಡಿದೆ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಓದು ಬಾರದಿದ್ದರೂ ಸೊನ್ನೆ ಯಾರಿಗೆ ಗುರುತು ಸಿಗುವುದಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಹುನ್ನೂರ ದಾಟಿದ ಮೇಲೆ ನಾನೇ, "ಖರೆ ಹೇಳ್ರಿ ಅಂದಿದ್ನಲ್ಲರಿ ಅತ್ತಿ" ಎಂದೆ. ಅಳು ತಡೆಯಲಾಗದೆ ಸಿಟ್ಟಿನಂತೆ ಹೊರಬಂತು ಆ ಮಾತು.

"ನಾಕ ಮಂದಿ ಗಂಡಸರ ಮುಂದ ನಿನ್ನ ಸುಳ್ಳಬುರಕಿ ಅನ್ನಿಸಾಕ ನಾ ಅಷ್ಟ ದೂರ ಹೋಗಿದ್ನೇನ? ಸುಮ್ಕ ಕುಂದ್ರ" ಎಂದರು. ಸ್ವಲ್ಪ ಹೊತ್ತಿಗೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು.

ಓಣಿಯಲ್ಲಿ ಇಳಿದಾಗ ಎದುರು ಮನೆಯವಳು ಹೊಲದಿಂದ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಅತ್ತೆ ಜಮಖಂಡಿಗೆ ಹೋದದ್ದು ಯಾಕೆಂದು ಓಣಿಗೆಲ್ಲ ಗೊತ್ತಾಗಿತ್ತು. ಅವಳ ಮುಖದಲ್ಲಿ ಬೇಡವೆಂದರೂ ಒಂದಿಷ್ಟು ಆಸೆ ಇತ್ತು. ನನ್ನನ್ನು ಬಿಟ್ಟು ಅತ್ತೆಯನ್ನೇ ಕೇಳಿದಳು: "ಏನಾತ ಚಿಗವ್ವಾ? ಈ ಸಲ ಬರದ್ರಿಲ್ಲೋ?"

ನಾನು ಹೇಳಬೇಕೆಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅತ್ತೆ ಹೇಳಿದರು. "ಇಲ್ಲವಾ. ನಾನ ಬ್ಯಾಡಂದ್ನಿ. ಈಕಿ ಬರದಿದ್ಲ, ನಾನ ಸಾಹೇಬರ ಮುಂದ ಕೂಲಿ ಗೀಲಿ ಏನೂ ಬ್ಯಾಡ ಅಂದ ಬಂದ್ನಿ."

ಎದುರು ಮನೆಯವಳು ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕಿಟ್ಟಳು. "ನೀವರೀ ಚಿಗವ್ವಾ?" ಎಂದಳು. "ನಿಮಗ ಬ್ಯಾಡಾದ್ರ ಬಿಡ್ರಿ. ನಮ್ದ ಬ್ಯಾಡ ಅನ್ನಾಕ ನೀವ್ಯಾರ?"

ಅತ್ತೆ ಕಟ್ಟೆ ಹತ್ತಿ ಒಳಗೆ ಹೋದರು. ನಾನು ಕಟ್ಟೆಯ ಕೆಳಗೆ ಚಪ್ಪಲಿಯ ಪಟ್ಟಿ ಬಿಚ್ಚುತ್ತಾ ಬಗ್ಗಿದ್ದೆ. ಒಂದು ಮಾತು ಸಾಕಿತ್ತು. ಆ ಕೋಣೆಯಲ್ಲಿ ಬಾರದ ಮಾತು ಇಲ್ಲಾದರೂ ಬರಬಹುದಿತ್ತು, ಇಲ್ಲಿ ಯಾವ ಫೈಲೂ ಇರಲಿಲ್ಲ, ಅಧ್ಯಕ್ಷರೂ ಇರಲಿಲ್ಲ. ಪಟ್ಟಿ ಬಿಚ್ಚಿದ ಮೇಲೂ ನಾನು ಬಗ್ಗಿಕೊಂಡೇ ಇದ್ದೆ, ಅವಳ ಬಾಗಿಲು ಹಾಕಿದ ಸದ್ದು ಕೇಳುವವರೆಗೆ.

ಅವಳು ನನ್ನ ಜೊತೆ ಈಗ ಮೊದಲಿನಂತೆ ಮಾತಾಡುತ್ತಾಳೆ. "ನೀ ಪಾಪ ಕಂಡಿಕಿ ಸಾಲ ಬರದಿದ್ದಿಯಂತ ತಂಗಿ" ಎನ್ನುತ್ತಾಳೆ. ಅತ್ತೆಯ ಜೊತೆ ಮಾತು ಬಿಟ್ಟಿದ್ದಾಳೆ. ಅವಳಷ್ಟೇ ಅಲ್ಲ, ಓಣಿಯ ಹೆಂಗಸರು ಯಾರೂ ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಕೂರುವುದಿಲ್ಲ. ಅತ್ತೆ ಒಬ್ಬರೇ ರಾಟಿಯ ಮುಂದೆ ಕೂತು ಸುತ್ತುತ್ತಾರೆ, ಬಾಗಿಲಿನ ಕಡೆ ಆಗಾಗ ನೋಡುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಈ ವರ್ಷದ ಹಾಳೆ ನನ್ನ ಚೀಲದಲ್ಲಿದೆ, ನಾಳೆ ಜಮಖಂಡಿಗೆ ಹೋಗಬೇಕು. ಹಿಂದಿನೆರಡೂ ವರ್ಷದ್ದು ಸುಳ್ಳು ಎಂದು ಮೊದಲು ಈ ಓಣಿಯಲ್ಲಿ, ಎದುರಿನ ಬಾಗಿಲಿಗೆ ಹೋಗಿ ಹೇಳಬೇಕು. ಆ ಬಾಗಿಲು ನಮ್ಮ ಕಟ್ಟೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇದೆ, ಅವಳು ಇವತ್ತು ಹೊಲಕ್ಕೆ ಹೋಗಿಲ್ಲ, ಬಾಗಿಲು ಮುಂಜಾನೆಯಿಂದ ತೆರೆದೇ ಇದೆ, ನಾನು ಇನ್ನೂ ಎದ್ದಿಲ್ಲ.